ಹದ ಹೋದ ಅಲಗು

ಎಡಮಂಡಿ ಮಡಚಿತು, ಬಲಮಂಡಿ ಮಡಚಲೊಲ್ಲದು. ಜಂಬಯ್ಯನವರು ಎರಡನೆಯ ಸಲ ಬಿಸಿನೀರು ತರಿಸಿ, ಹಳೆಯ ಪಂಚೆಯ ತುಂಡು ಅದ್ದಿ ಹಿಂಡಿ ಮಂಡಿಯ ಮೇಲೆ ಹಾಕಿಸಿದರು. ನಲವತ್ತು ವರ್ಷದಿಂದ ಓಣಿಯ ಹೆಣಗಳನ್ನೆಲ್ಲ ಕೂರಿಸಿದ ಅಯ್ಯನವರು ಅವರು. ಈ ಮನೆಯವರು ಮಣ್ಣಿಗೆ ಹೋಗುವಾಗ ಕಾಲು ಮಡಚಿ ಕೂತು, ಎಡಗೈಯಲ್ಲಿ ಲಿಂಗ ಹಿಡಿದೇ ಹೋಗಬೇಕು. ಮಲಗಿಸಿ ಕಳಿಸುವ ರೂಢಿಯಿಲ್ಲ. ಆದರೆ ಧನುರ್ವಾಯುವಿನಿಂದ ಸತ್ತ ಮೈ ಯಾರ ರೂಢಿಯನ್ನೂ ಕೇಳುವುದಿಲ್ಲ. ನಾಲ್ಕು ದಿನ ಆಸ್ಪತ್ರೆಯ ಮಂಚದ ಮೇಲೆ ಸೆಟೆದುಕೊಂಡಿದ್ದ ಸರ್ವಮಂಗಳಮ್ಮ ಪ್ರಾಣ ಹೋದ ಮೇಲೂ ಸೆಟೆದೇ ಇದ್ದಳು.

ಅವಳ ಬೆನ್ನಿಗೆ ಎದೆಯಾನಿಸಿ, ಎರಡೂ ಭುಜ ಹಿಡಿದುಕೊಂಡು ಕೂತವಳು ವಾರಗಿತ್ತಿ ಶಕುಂತಲಮ್ಮ. ಆಸ್ಪತ್ರೆಯಲ್ಲೂ ನಾಲ್ಕು ದಿನ ಇವಳೇ ಇದ್ದಳು. ಪಡಸಾಲೆಯಲ್ಲಿ ಕೂತ ಹೆಂಗಸರು ಅದನ್ನೇ ಆಡಿಕೊಳ್ಳುತ್ತಿದ್ದರು: ಒಡಹುಟ್ಟಿದವಳೂ ಇಷ್ಟು ಮಾಡಲಿಕ್ಕಿಲ್ಲ, ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಬದುಕಿದರು, ಒಂದು ದಿನ ಜಗಳವಿಲ್ಲ, ಮುನಿಸಿಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಶಕುಂತಲಮ್ಮ ಸತ್ತವಳ ಹೆಗಲ ಹಿಂದೆ ಮುಖ ಮರೆಸುತ್ತಿದ್ದಳು. ಹೊಗಳಿಸಿಕೊಳ್ಳುವುದು ಅವಳಿಗೆ ಬೇಡವೆಂದಲ್ಲ, ಹುಟ್ಟಿದಾಗಿನಿಂದ ಅದಕ್ಕೇ ಹಸಿದವಳು. ಇವತ್ತು ಮಾತ್ರ ಬೇಡವಾಗಿತ್ತು.

ಅವಳಿಗೆ ಅಕ್ಕನ ಹತ್ತಿರ ಒಂದು ಮಾತು ಹೇಳುವುದಿತ್ತು. ಹನ್ನೊಂದು ವರ್ಷದ ಹಿಂದೆ ತಾನು ಹೇಳಿದ್ದು ಸುಳ್ಳು, ಹಿಂದಿನ ಓಣಿಯ ಕೆಂಚವ್ವ ಅಕ್ಕನ ಈಳಿಗೆಯಲ್ಲಿ ಮಾಂಸ ಹೆಚ್ಚಿರಲಿಲ್ಲ, ಇಷ್ಟೇ. ಆಸ್ಪತ್ರೆಗೆ ಸೇರಿಸಿದ ಮೊದಲ ದಿನವೇ ಹೇಳಿಬಿಡೋಣವೆಂದು ಕಿವಿಯ ಹತ್ತಿರ ಬಾಗಿದ್ದಳು. ‘ಅಕ್ಕಾ’ ಎಂದದ್ದಷ್ಟೇ, ಸರ್ವಮಂಗಳಮ್ಮನ ಮೈ ಕತ್ತಿನಿಂದ ಹಿಮ್ಮಡಿಯವರೆಗೆ ಬಿಗಿದು ಮಂಚದಿಂದ ಮೇಲೆದ್ದಿತು. ಡಾಕ್ಟರು ಓಡಿ ಬಂದು ಗದರಿದರು. ಈ ರೋಗಕ್ಕೆ ಸದ್ದೂ ಆಗದು, ಬೆಳಕೂ ಆಗದು, ಇನ್ನು ಯಾರೂ ಈ ಕೋಣೆಯಲ್ಲಿ ಪಿಟ್ ಎನ್ನಕೂಡದು ಎಂದರು. ಕಿಟಕಿಗೆ ಕಂಬಳಿ ಕಟ್ಟಿಸಿದರು. ಸೂಜಿ ಹಾಕಿದರು, ಆದರೆ ಹೊತ್ತು ಮೀರಿತ್ತು. ನಾಲ್ಕು ದಿನ ಶಕುಂತಲಮ್ಮ ಆ ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂತಳು. ಹೇಳಿದರೆ ಅಕ್ಕ ಸಾಯುತ್ತಾಳೆ. ಹೇಳಲಿಲ್ಲ, ಅಕ್ಕ ಸತ್ತಳು.

ಈಗ ಉಳಿದದ್ದು ಸಂಜೆಯವರೆಗಿನ ಹೊತ್ತು. ಮಣ್ಣು ಬೀಳುವುದರೊಳಗೆ ಹೇಳಬೇಕು. ಸತ್ತವರಿಗೆ ಕೇಳಿಸುತ್ತದೋ ಇಲ್ಲವೋ, ಅದು ಜಂಬಯ್ಯನವರಿಗೂ ಗೊತ್ತಿರಲಿಕ್ಕಿಲ್ಲ. ಮಣ್ಣು ಬಿದ್ದ ಮೇಲಂತೂ ಕೇಳಿಸುವುದಿಲ್ಲ ಎಂದು ಅವಳು ಖಚಿತ ಮಾಡಿಕೊಂಡಿದ್ದಳು.

ಅಯ್ಯನವರು ಒತ್ತಲು ಹೇಳಿದರು. ಇಬ್ಬರು ಗಂಡಸರು ಒತ್ತಿದರು. ಬಲಮಂಡಿ ಕಟಕ್ಕೆಂದು ಮಡಚಿತು. ಆ ಸದ್ದು ಶಕುಂತಲಮ್ಮನ ಎದೆಯ ಮೂಳೆಗೇ ಬಂದು ತಾಗಿತು. ಅಕ್ಕನ ಕಿವಿಯಂತೂ ಇವಳ ಬಾಯಿಗೆ ಅಂಟಿಕೊಂಡಂತೆಯೇ ಇತ್ತು. ‘ಅಕ್ಕಾ’ ಎಂದು ಪಿಸುಗುಟ್ಟಿದಳು. ಅಷ್ಟಕ್ಕೇ ಸುತ್ತಲಿದ್ದ ಹೆಂಗಸರೆಲ್ಲ ಗೊಳೋ ಎಂದು ಅತ್ತರು. ಒಬ್ಬಳು ಬಂದು ಇವಳ ತಲೆಯನ್ನು ತಬ್ಬಿಕೊಂಡು, ಎಂಥಾ ಕರುಳವ್ವಾ ನಿಂದು ಎಂದು ಇವಳನ್ನೇ ತನ್ನ ಕಡೆಗೆ ಎಳೆದುಕೊಂಡಳು.

*

ಸರ್ವಮಂಗಳಮ್ಮ ಹರಿಹರದ ಹುಡುಗಿ. ತವರುಮನೆ ರೈಲ್ವೆ ಸ್ಟೇಶನ್ನಿನ ಹಿಂದೆ. ಗೋಡೆಗೆ ಹತ್ತಿಕೊಂಡೇ ಕಮ್ಮಾರ ಕಾಟಪ್ಪನ ಕುಲುಮೆ. ಓರಗೆಯ ಹುಡುಗಿಯರು ಹೊಳೆಯ ದಂಡೆಯಲ್ಲಿ ಆಡುವ ಹೊತ್ತಿಗೆ ಇವಳು ಕುಲುಮೆಯ ಬಾಗಿಲಲ್ಲಿ ಕೂತು ಕಬ್ಬಿಣ ಕೆಂಪಾಗುವುದನ್ನು ನೋಡುತ್ತಿದ್ದಳು. ಮದುವೆಯಲ್ಲಿ ತಾಮ್ರ ಹಿತ್ತಾಳೆ ಎಲ್ಲ ಕೊಟ್ಟರು, ಹರಿತವಾದದ್ದು ಮಾತ್ರ ಕೊಡಲಿಲ್ಲ. ಕೊಟ್ಟರೆ ಸಂಬಂಧ ಕಡಿಯುತ್ತದಂತೆ. ಗಂಡ ಬಕ್ಕೇಶಪ್ಪನದು ದಾವಣಗೆರೆಯ ಮಂಡಿಯಲ್ಲಿ ದಲಾಲಿ ಅಂಗಡಿ, ಹದಿನಾಲ್ಕು ಜನ ಉಣ್ಣುವ ಮನೆ. ಆ ಮನೆಯಲ್ಲಿದ್ದ ಈಳಿಗೆ ಬದನೆಕಾಯಿಯನ್ನು ಹೆಚ್ಚುತ್ತಿರಲಿಲ್ಲ, ಜಜ್ಜುತ್ತಿತ್ತು. ಮೊದಲ ಪಂಚಮಿಗೆ ತವರಿಗೆ ಹೋದ ಹುಡುಗಿ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕುಲುಮೆಗೆ ಹೋದಳು.

ಕಾಟಪ್ಪ ಐದು ಅಲಗು ತಂದು ಹರವಿದ. ಎರಡು ಫಳಫಳ ಹೊಳೆಯುತ್ತಿದ್ದವು. ಅವನ್ನು ಅವಳು ಮುಟ್ಟಲೂ ಇಲ್ಲ. ಉಳಿದ ಮೂರನ್ನು ಒಂದೊಂದಾಗಿ ಎತ್ತಿ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದಳು. ಮೆತ್ತನೆಯ ಕಬ್ಬಿಣದ ಸದ್ದು ತಟ್ಟಿದ ಕೂಡಲೇ ಸಾಯುತ್ತದೆ, ಉಕ್ಕಿನದು ಚೂರು ಹೊತ್ತು ನಿಲ್ಲುತ್ತದೆ. ಆಮೇಲೆ ಅಲಗಿನ ಬಾಯಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಮೊಂಡಾದ ಬಾಯಿಯಲ್ಲಿ ಬಿಳಿಗೆರೆ ಹೊಳೆಯುತ್ತದೆ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಕಡೆಗೆ ಅವಳು ಆರಿಸಿದ್ದು ಕಪ್ಪಗೆ, ಒರಟಾಗಿ, ಅರದ ಗೀರು ಬಿದ್ದ ಒಂದು ಅಲಗು. ರೈಲುಡಬ್ಬಿಯ ಹಳೆಯ ಸ್ಪ್ರಿಂಗಿನ ಪಟ್ಟಿಯಿಂದ ಮಾಡಿದ್ದು. ಕಾಟಪ್ಪ ನಕ್ಕುಬಿಟ್ಟ, ಅದನ್ನು ಅವನು ತನ್ನ ಮನೆಗೆಂದು ಇಟ್ಟುಕೊಂಡಿದ್ದ.

ಕೊಡುವಾಗ ಅವನು ಒಂದು ಮಾತು ಹೇಳಿದ. “ಹದ ಹಾಕಿದ ಉಕ್ಕು ತಾಯಿ ಇದು. ನೀರಾಗ ಬಿಟ್ರೆ ತುಕ್ಕು ಬರ್ತೈತೆ, ತಿಕ್ಕಿದ್ರೆ ಹೋಗ್ತೈತೆ. ಬೆಂಕೀಗೆ ಮಾತ್ರ ತೋರಿಸಬ್ಯಾಡ. ಬೆಂಕಿ ಕಂಡ್ರೆ ಹದ ಹೋಗ್ತೈತೆ. ನೋಡಾಕ ಹಂಗೇ ಇರ್ತೈತೆ, ಆದ್ರ ಜೀವ ಇರಂಗಿಲ್ಲ.”

ಆ ಈಳಿಗೆಯನ್ನು ಅವಳು ನೋಡಿಕೊಂಡ ರೀತಿಗೆ ಓಣಿಯವರು ನಗುತ್ತಿದ್ದರು. ನಿಂಬೆ, ಹುಣಸೆ, ಮಾವಿನಕಾಯಿ ತಾಗಿದರೆ ಆ ಕ್ಷಣವೇ ಒರೆಸಬೇಕು. ತೊಳೆದು ನೀರಿಳಿಯಲು ಬಿಡುವಂತಿಲ್ಲ, ಒಣಬಟ್ಟೆಯಲ್ಲಿ ಒತ್ತಿ ಒರೆಸಿ ಒಲೆಯಿಂದ ದೂರ ಇಡಬೇಕು. ಅಡಿಗೆಮನೆ ಬಾಗಿಲು ಹಾಕುವ ಮೊದಲು ಒಂದು ತೊಟ್ಟು ಹರಳೆಣ್ಣೆ. ಸೋಮವಾರಕ್ಕೊಮ್ಮೆ ಸಾಣೆಕಲ್ಲು, ಅದೂ ಕಲ್ಲಿಗೂ ಅಲಗಿಗೂ ನಡುವೆ ಒಂದು ಅಕ್ಕಿಕಾಳು ತೂರುವಷ್ಟೇ ಓರೆ. ಹೆಚ್ಚಾದರೆ ಬಾಯಿ ಮುರಿಯುತ್ತದೆ, ಕಡಿಮೆಯಾದರೆ ಮೈ ಸವೆಯುತ್ತದೆ. ನಕ್ಕವರೇ ಸಂತೆಯಲ್ಲಿ ಚಾಕು ಕೊಳ್ಳುವಾಗ ಇವಳನ್ನು ಕರೆದುಕೊಂಡು ಹೋಗುತ್ತಿದ್ದರು.

ಮೈದುನ ಮುರುಗೇಶಪ್ಪನ ಹೆಂಡತಿಯಾಗಿ ಶಕುಂತಲಮ್ಮ ಬಂದದ್ದು ನಾಲ್ಕು ವರ್ಷದ ಮೇಲೆ. ಬಂದ ಹೊಸದರಲ್ಲಿ ಒಂದು ಸಂಜೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ, ಹರಟುತ್ತ ಎದ್ದುಹೋಗಿ ಈಳಿಗೆಯನ್ನು ಮರೆತಳು. ಬೆಳಿಗ್ಗೆ ಅಲಗಿನ ತುಂಬ ತುಕ್ಕಿನ ಕುಳಿ. ಸರ್ವಮಂಗಳಮ್ಮ ಬೈಯಲಿಲ್ಲ. ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತು. ಬಂದ ಬೀಗರೆಲ್ಲರ ಎದುರಿಗೆ ಹಳೆಯ ಜಜ್ಜುವ ಈಳಿಗೆಯನ್ನು ಅಟ್ಟದಿಂದ ಇಳಿಸಿ ಇವಳ ಮುಂದಿಟ್ಟು, ಇನ್ನು ಮುಂದೆ ಇದು ನಿಂದು, ನಂದನ್ನ ಮುಟ್ಟಬ್ಯಾಡ ಎಂದಳು. ಅಲ್ಲಿಂದ ಒಂಬತ್ತು ವರ್ಷ ತಟ್ಟೆಯಲ್ಲಿ ಬಿದ್ದ ಹೋಳು ನೋಡಿಯೇ ಯಾರ ಕೈಯಡಿಗೆ ಎಂದು ಗೊತ್ತಾಗುತ್ತಿತ್ತು. ಸ್ವಂತ ಗಂಡನೇ ಒಂದು ದಪ್ಪ ಹೀರೇಕಾಯಿ ಹೋಳು ಎತ್ತಿ ತೋರಿಸಿ, ಇದು ನಮ್ಮಾಕೀದು ಎಂದು ಪಂಕ್ತಿಯನ್ನೆಲ್ಲ ನಗಿಸುತ್ತಿದ್ದ. ಶಕುಂತಲಮ್ಮನೂ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ.

*

ಐವತ್ತೊಂದನೇ ಇಸವಿಯ ಬೇಸಿಗೆ. ಹಿಂದಿನ ಓಣಿಯ ಕೆಂಚವ್ವನ ಮಗಳಿಗೆ ಮದುವೆ ಗೊತ್ತಾಯಿತು. ಕೆಂಚವ್ವ ಕಡರನಾಯಕನಹಳ್ಳಿಯಿಂದ ಬಂದು ನೆಲೆಸಿದವಳು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ಬಾಯಿ ಜೋರು, ಕೈ ದೊಡ್ಡದು. ಹಿತ್ತಲ ಗೋಡೆಯ ಆಚೆ ಅವಳು, ಈಚೆ ಸರ್ವಮಂಗಳಮ್ಮ ನಿಂತರೆ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಮದುವೆಯ ಸಿಹಿಯೂಟಕ್ಕೆ ಮೂರು ಹೆಡಿಗೆ ಬಾಳೆಕಾಯಿ, ಕುಂಬಳಕಾಯಿ ಹೆಚ್ಚಬೇಕು, ಒಂದು ದಿನದ ಮಟ್ಟಿಗೆ ಈಳಿಗೆ ಕೊಡು ಎಂದು ಅವಳು ಕೇಳಿದಳು. ಮಾರನೆಯ ದಿನದ ಮಾಂಸದ ಬೀಗರೂಟಕ್ಕೆ ಮುಂಚೆ ತಿರುಗಿ ಕೊಡುವುದು ಮಾತು. ಸರ್ವಮಂಗಳಮ್ಮ ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತಾನೇ ಗೋಡೆಯ ಮೇಲೆ ಇಟ್ಟಳು.

ಅದನ್ನು ಶಕುಂತಲಮ್ಮ ನೋಡಿದಳು. ಮನೆಯ ಸೊಸೆ ಒಂಬತ್ತು ವರ್ಷ ಮುಟ್ಟಬಾರದ ಈಳಿಗೆಯನ್ನು ಕಾಯಿಪಲ್ಲೆ ಮಾರುವವಳು ಒಂದು ಮಾತಿಗೆ ಎತ್ತಿಕೊಂಡು ಹೋದಳು. ಆ ಹೊಟ್ಟೆಯುರಿಯಲ್ಲಿ ಅವಳಿಗೆ ಇಡೀ ದಿನ ಅನ್ನ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ, ಕುರಿ ಕಡಿಯುವ ಮೊದಲೇ, ಕೆಂಚವ್ವ ಈಳಿಗೆಯನ್ನು ತೊಳೆದು ಒರೆಸಿ ತಂದುಕೊಟ್ಟಳು. ಮಧ್ಯಾಹ್ನ ಆಚೆಯಿಂದ ಮಸಾಲೆಯ ವಾಸನೆ ಬಂದಾಗ ಅತ್ತೆ ಕೊಟ್ರವ್ವ ಮೂಗು ಮುಚ್ಚಿಕೊಂಡು, ನಮ್ಮ ಈಳಿಗೆ ಬಂತೋ ಇಲ್ಲೋ ಎಂದು ಕೇಳಿದಳು. ಶಕುಂತಲಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು, ಬಂದೇನೋ ಬಂತು, ಆದರೆ ಬೆಳಿಗ್ಗೆ ನಾನು ಮಾಳಿಗೆಯ ಮೇಲಿಂದ ನೋಡಿದೆ, ಅದರ ಮೇಲೇ ಮಾಂಸ ತುಂಡು ಮಾಡುತ್ತಿದ್ದರು. ಇಷ್ಟು ಹೇಳಲು ಅವಳು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಹೇಳಿ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ಕೊಟ್ರವ್ವ ಈಳಿಗೆಯನ್ನು ಇಕ್ಕಳದಲ್ಲಿ ಹಿಡಿದು ಎತ್ತಿ ಬಚ್ಚಲೊಲೆಗೆ ಹಾಕಿದಳು. ಅಪವಿತ್ರವಾದದ್ದನ್ನು ಶುದ್ಧ ಮಾಡಲು ಬೆಂಕಿಗಿಂತ ಬೇರೆ ಏನಿದೆ. ಸರ್ವಮಂಗಳಮ್ಮ ಹೊರಗಿನಿಂದ ಬರುವ ಹೊತ್ತಿಗೆ ಮಣೆ ಉರಿದು ಬೂದಿಯಾಗಿತ್ತು, ಅಲಗು ಕೆಂಡದ ನಡುವೆ ಕೆಂಪಗೆ ಮಲಗಿತ್ತು. ಅತ್ತೆ ಯಾಕೆಂದು, ನೋಡಿದವರು ಯಾರೆಂದು ಹೇಳಿದಳು. ಸರ್ವಮಂಗಳಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಲಗು ಕೆಂಪಿನಿಂದ ಕಪ್ಪಾಗಿ ಆರುವವರೆಗೂ ನೋಡಿದಳು. ಕೆಂಚವ್ವ ಇನ್ನು ಈ ಮನೆಯ ಹೊಸ್ತಿಲು ತುಳಿಯಕೂಡದು ಎಂದು ಕೊಟ್ರವ್ವ ಅಂದೇ ಕಟ್ಟಪ್ಪಣೆ ಮಾಡಿದಳು. ಗೋಡೆಯ ಹತ್ತಿರದ ಮಾತೂ ಅಲ್ಲಿಗೆ ನಿಂತಿತು. ಅಲಗಿಗೆ ಹೊಸ ಮಣೆ ಹಾಕಿಸಿ ಸರ್ವಮಂಗಳಮ್ಮನ ಮುಂದೆಯೇ ಇಟ್ಟರು. ಅಲಗು ನೆಟ್ಟಗೈತೆ, ಇನ್ನೊಂದು ಯಾಕ ಎಂಬುದು ಅತ್ತೆಯ ಮಾತು.

*

ಸ್ನಾನ ಮಾಡಿಸಿ, ಹಣೆಗೆ ಮೈಗೆ ವಿಭೂತಿ ಹಚ್ಚಿ, ಹಸಿರು ಸೀರೆ ಉಡಿಸಿ ಸರ್ವಮಂಗಳಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿದ್ದರು. ಬಲಗೈ ಹೆಬ್ಬೆರಳಿನ ಬಟ್ಟೆಯನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಹರಿಹರಕ್ಕೆ ಕೊಟ್ಟಿದ್ದ ಮಗಳು ಉಮಾಮಹೇಶ್ವರಿ ಹನ್ನೊಂದರ ಗಾಡಿಗೆ ಬಂದವಳು ತಾಯಿಯ ಮುಖ ನೋಡಿ ಅಲ್ಲೇ ಕುಸಿದಳು. ಬಿಗಿದ ದವಡೆಯಿಂದ ಅವ್ವ ನಗುವಂತೆ ಕಾಣುತ್ತಿದ್ದಳು. ಆ ನಗುವನ್ನು ನೋಡಲು ಯಾರಿಗೂ ಆಗುತ್ತಿರಲಿಲ್ಲ.

ಬೀದಿಯ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಕೆಂಚವ್ವ ನಿಂತಿದ್ದಾಳೆಂದು ಯಾರೋ ಹೇಳಿದರು. ಬೆಳಿಗ್ಗೆಯಿಂದಲೂ ನಿಂತಿದ್ದಾಳಂತೆ, ಕೈಯಲ್ಲಿ ಸೇವಂತಿಗೆಯ ಮಾಲೆಯಂತೆ. ಅಕ್ಕನಿಗೆ ಹೇಳಲಾಗದಿದ್ದರೆ ಅಕ್ಕನ ಎದುರಿಗೆ ಕೆಂಚವ್ವನಿಗಾದರೂ ಹೇಳಬೇಕು. ಶಕುಂತಲಮ್ಮ ಎದ್ದು ಅಂಗಳಕ್ಕೆ ಹೋದಳು. ಬಕ್ಕೇಶಪ್ಪ ಬಿದಿರು ಕಟ್ಟುವವರ ಹತ್ತಿರ ನಿಂತಿದ್ದ. ಹೆಂಡತಿಯನ್ನು ಕಳೆದುಕೊಂಡ ಗಂಡಸು ಮಾಡುವ ಕೆಲಸ ಅದೊಂದೇ, ಏನನ್ನಾದರೂ ಬಿಗಿಯಾಗಿ ಕಟ್ಟಿಸುವುದು.

“ಭಾವಾರೆ,” ಎಂದಳು. “ಕೆಂಚವ್ವನ್ನ ಒಳಗೆ ಕರೀರಿ. ಆಕಿದೇನೂ ತಪ್ಪಿಲ್ಲ.”

ಬಕ್ಕೇಶಪ್ಪ ಅವಳನ್ನು ನೋಡಲೂ ಇಲ್ಲ. ತಪ್ಪೋ ಒಪ್ಪೋ, ಅವ್ವ ಹಾಕಿಟ್ಟ ಗೆರೆ, ಇವತ್ತಿನ ದಿನ ಅಳಿಸುವುದು ಬೇಡ, ಸ್ವಾಮಿಗಳು ಬರುವವರಿದ್ದಾರೆ ಎಂದ. ಇನ್ನೊಂದು ಮಾತಿದೆ ಎಂದು ಅವಳು ನಿಂತೇ ಇದ್ದಳು. ಎಲ್ಲ ಮುಗಿಯಲಿ, ನಾಳೆ ಕೂತು ಮಾತಾಡೋಣ ಎಂದು ಹಗ್ಗದ ತುದಿ ಎಳೆದು ನೋಡಿದ. ಅವಳ ಬಾಯಿ ತೆರೆದೇ ಇತ್ತು. ಅದೇ ಹೊತ್ತಿಗೆ ಭಜನೆಯವರು ತಾಳ ಹಾಕಿದರು.

ಹೇಳಿಬಿಡುವುದು ಇಷ್ಟು ಕಷ್ಟವೇ ಎಂದು ಕೇಳಬಹುದು. ಸುಳ್ಳು ಹೇಳಿದಾಗ ಇಡೀ ಮನೆ ಕೆಲಸ ಬಿಟ್ಟು ಕೇಳಿಸಿಕೊಂಡಿತ್ತು.

*

ಆ ಹನ್ನೊಂದು ವರ್ಷವನ್ನು ಶಕುಂತಲಮ್ಮ ಕಿವಿಯಿಂದ ಕಳೆದಳು ಎನ್ನಬೇಕು. ಮೊದಲು ಸೋಮವಾರಕ್ಕೊಮ್ಮೆ ಇದ್ದ ಸಾಣೆ ಈಗ ದಿನಾ ಬೆಳಿಗ್ಗೆ. ಬಚ್ಚಲ ಕಟ್ಟೆಯಲ್ಲಲ್ಲ, ಹಿತ್ತಲಲ್ಲಲ್ಲ, ಶಕುಂತಲಮ್ಮ ಒಲೆ ಹಚ್ಚುವ ಜಾಗದಿಂದ ಎರಡು ಮಾರು ದೂರದಲ್ಲಿ ಸರ್ವಮಂಗಳಮ್ಮ ಕೂತು ಮಸೆಯುತ್ತಿದ್ದಳು. ಸರ್ರ್, ಸರ್ರ್. ಮಸೆದ ಬಾಯಿ ಎರಡು ಸೌತೆಕಾಯಿ ಹೆಚ್ಚುವಷ್ಟರಲ್ಲಿ ಮಗುಚಿಕೊಳ್ಳುತ್ತಿತ್ತು. ಮತ್ತೆ ಸರ್ರ್, ಸರ್ರ್. ಯಾರೂ ಯಾಕೆಂದು ಕೇಳಲಿಲ್ಲ; ಅವಳ ಹುಚ್ಚು ಎಲ್ಲರಿಗೂ ಗೊತ್ತಿದ್ದದ್ದೇ.

ಸಾಣೆಯ ಗಾಲಿ ಹೊತ್ತು ಬರುತ್ತಿದ್ದ ಹಯಾತ್ ಸಾಬ್ ಅಲಗನ್ನು ಒಂದು ಸಲ ಗಾಲಿಗೆ ಹಿಡಿದು, ಕಿಡಿಯ ಬಣ್ಣ ನೋಡಿ ನಿಲ್ಲಿಸಿಬಿಟ್ಟ. ಇದರಲ್ಲಿ ದಮ್ಮಿಲ್ಲ, ಯಾರಾದರೂ ಕಮ್ಮಾರನ ಹತ್ತಿರ ಮತ್ತೆ ಹದ ಹಾಕಿಸಿರಿ, ಇಲ್ಲವೇ ಬಿಸಾಕಿರಿ, ಮೊಂಡ ಅಲಗು ಜಾರಿದರೆ ಹರಿತ ಅಲಗಿಗಿಂತ ಕೆಟ್ಟದಾಗಿ ಕೊಯ್ಯುತ್ತದೆ ಎಂದ. ಸರ್ವಮಂಗಳಮ್ಮ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳೇ ಹೊರತು ಕಮ್ಮಾರನ ಹತ್ತಿರ ಹೋಗಲಿಲ್ಲ. ಕೊಟ್ರವ್ವ ಸತ್ತ ವರ್ಷ ಬಕ್ಕೇಶಪ್ಪ ಬೊಂಬಾಯಿಯಿಂದ ತುಕ್ಕು ಹಿಡಿಯದ ಸ್ಟೀಲಿನ ಚಾಕು ಎರಡು ತರಿಸಿದ. ಅವನ್ನೂ ಅವಳು ಕಾಗದ ಬಿಚ್ಚದೆ ಪೆಟ್ಟಿಗೆಗೆ ಹಾಕಿದಳು. ಯಾಕ ಹಿಂಗೆ ಮಾಡ್ತಿ ಎಂದು ಗಂಡ ಕೇಳಿದ್ದಕ್ಕೆ, ರೂಢಿಯಾಗಿದೆ ಎಂದಳು. ಹೇಳುವಾಗ ಅವಳ ಕಣ್ಣು ಗಂಡನ ಮೇಲಿರಲಿಲ್ಲ, ಒಲೆ ಊದುತ್ತಿದ್ದ ಶಕುಂತಲಮ್ಮನ ಮೇಲಿತ್ತು. ಅಕ್ಕನಿಗೆ ಅಲಗಿನ ಮೇಲೆ ಅಷ್ಟು ಪ್ರೀತಿ ಎಂದುಕೊಂಡು ಶಕುಂತಲಮ್ಮ ಹೊಗೆಗೆ ಕಣ್ಣೊರೆಸಿಕೊಂಡಳು.

ಎಷ್ಟೋ ಸಲ ಹೇಳಲು ಹೊರಟಿದ್ದಳು. ಗೌರಿಹುಣ್ಣಿಮೆಗೆ ಹೇಳೋಣ, ಉಮಾಳ ಮದುವೆ ಆಗಲಿ ಹೇಳೋಣ, ಅತ್ತೆ ಕಣ್ಣು ಮುಚ್ಚಲಿ ಹೇಳೋಣ. ಅತ್ತೆಯೂ ಕಣ್ಣು ಮುಚ್ಚಿದಳು. ಆಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಇನ್ನೊಂದು ಭಯ ಹುಟ್ಟಿತು.

ಹೋದ ತಿಂಗಳು ಒಂದು ಸಿಹಿಕುಂಬಳ. ಸಿಪ್ಪೆ ಗಟ್ಟಿ, ಅಲಗು ಒಳಗೆ ಇಳಿಯಲಿಲ್ಲ. ಸರ್ವಮಂಗಳಮ್ಮ ಮೈಭಾರ ಹಾಕಿ ಒತ್ತಿದಳು, ಜಾರಿತು. ಹೆಬ್ಬೆರಳು ಮೂಳೆಯವರೆಗೆ ಸೀಳಿತು. ಸುಣ್ಣ ಒತ್ತಿ ಸೀರೆಯ ಚುಂಗು ಹರಿದು ಕಟ್ಟಿಕೊಂಡವಳು ಮಧ್ಯಾಹ್ನವೇ ಹಸುವಿನ ಸಗಣಿ ಬಾಚಿದಳು. ಒಂಬತ್ತನೆಯ ದಿನ ರೊಟ್ಟಿಯ ತುತ್ತು ಎತ್ತಿದವಳಿಗೆ ಬಾಯಿ ತೆರೆಯಲಾಗಲಿಲ್ಲ.

*

ರುದ್ರಭೂಮಿಗೆ ಹೋಗುವ ದಾರಿಯಲ್ಲಿ ಕೆಂಚವ್ವ ಮೆರವಣಿಗೆಯ ಹಿಂದೆ, ಐವತ್ತು ಹೆಜ್ಜೆ ಬಿಟ್ಟು ಬಂದಳು. ಗುಂಡಿ ತೋಡಿ ಮುಗಿದಿರಲಿಲ್ಲ, ತಳದಲ್ಲಿ ಗಟ್ಟಿಕಲ್ಲು ಸಿಕ್ಕಿತ್ತು. ಜನ ಅಲ್ಲಲ್ಲಿ ನೆರಳು ಹುಡುಕಿ ಕೂತರು. ಕೆಂಚವ್ವ ದೂರದ ಜಾಲಿಮರದ ಕೆಳಗೆ ನಿಂತಳು. ಶಕುಂತಲಮ್ಮ ಯಾರನ್ನೂ ಕೇಳದೆ ಎದ್ದು ಆ ಕಡೆಗೆ ನಡೆದಳು. ಹತ್ತಿರ ಹೋಗಿ, ಉಸಿರು ತೆಗೆದುಕೊಳ್ಳದೆ, ಅಂದು ನೀನು ಮಾಂಸ ಹೆಚ್ಚಿದ್ದನ್ನು ನಾನು ನೋಡಿರಲಿಲ್ಲ, ಸುಳ್ಳು ಹೇಳಿದೆ ಎಂದುಬಿಟ್ಟಳು. ಹನ್ನೊಂದು ವರ್ಷದ ಮಾತು ಇಷ್ಟು ಸಣ್ಣದಿತ್ತು.

ಕೆಂಚವ್ವ ಅವಳತ್ತ ತಿರುಗಿದಳು. ಅಳಲಿಲ್ಲ, ಕೂಗಲಿಲ್ಲ. ಬಾಯಿ ಜೋರಿನ ಹೆಂಗಸು, ಅವತ್ತು ಮೆಲ್ಲಗೆ ಮಾತಾಡಿದಳು.

“ನಂಗೆ ಗೊತ್ತು. ಆಕಿಗೂ ಗೊತ್ತಿತ್ತು.”

ಏನು ಗೊತ್ತಿತ್ತು ಎಂದಳು ಶಕುಂತಲಮ್ಮ.

“ಅವತ್ತು ಬೆಳಿಗ್ಗೆ ಈಳಿಗೆ ಕೈಗೆ ಕೊಟ್ಟ ಕೂಡ್ಲೆ ತಿರುಗಿಸಿ ನೋಡಿದ್ಲು. ಬಾಳೆಕಾಯಿ ಕರೆ ನೀಲಿಗೆ ಕೂತಿತ್ತು, ಬಾಯಾಗ ಒಂದು ಹಲ್ಲು ಬಿದ್ದಿರಲಿಲ್ಲ. ಎಲುಬು ತಾಗಿದ ಅಲಗು ಹಂಗಿರ್ತೈತಾ? ಮುಂದಿನ ಸಂತೆಯಾಗ ಬಂದು ನಂಗೆ ಎಲ್ಲಾ ಹೇಳಿದ್ಲು. ಹನ್ನೊಂದು ವರ್ಷ ಪ್ರತಿ ಸಂತೀಗೂ ನನ್ನ ಹತ್ರನೇ ಕಾಯಿಪಲ್ಲೆ ತಗೊಂಡ್ಲು. ನಿಮ್ಮ ಮನ್ಯಾಗ ಯಾರಿಗೆ ಗೊತ್ತು?”

ಹಾಗಿದ್ದರೆ ಅತ್ತೆಗೆ ಯಾಕೆ ಹೇಳಲಿಲ್ಲ, ನನ್ನನ್ನು ಯಾಕೆ ಕೇಳಲಿಲ್ಲ ಎಂದು ಶಕುಂತಲಮ್ಮ ತೊದಲಿದಳು.

“ನಾನೂ ಅದನ್ನೇ ಕೇಳ್ದೆ. ಹೊಸಾದು ತಗೋ, ಬಿಡು ಅಂದೆ. ಬ್ಯಾಡ ಅಂದ್ಲು. ಆಕಿ ಮುಂದೇ ಕೂತು ದಿನಾ ಮಸೀತೀನಿ, ನೋಡ್ಲಿ. ಒಂದಿನ ತಾನೇ ಬಾಯಿ ಬಿಡ್ತಾಳೆ, ಅಲ್ಲೀತನಕ ಬಿಡಂಗಿಲ್ಲ ಅಂದ್ಲು.” ಕೆಂಚವ್ವ ಮಾಲೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ನೀನೂ ಬಾಯಿ ಬಿಡಲಿಲ್ಲ, ಆಕಿನೂ ಬಿಡಲಿಲ್ಲ. ಇಬ್ಬರೂ ಸೇರಿ ಕೊಂದ್ರಿ. ಹೋಗು.”

ಗುಂಡಿಯ ಕಡೆಯಿಂದ ಕರೆದರು. ಶಕುಂತಲಮ್ಮ ಹೇಗೆ ತಿರುಗಿ ಬಂದಳೋ ಅವಳಿಗೇ ತಿಳಿಯದು. ಒಲೆಯ ಮುಂದಿನ ಒಂದೊಂದು ಬೆಳಗೂ, ಆ ಸರ್ರ್ ಸದ್ದೂ, ಅಕ್ಕನ ಆ ನೋಟವೂ ಒಟ್ಟಿಗೆ ಬಂದು ಅವಳ ಮೇಲೆ ಬಿದ್ದವು. ಪ್ರೀತಿಯೆಂದುಕೊಂಡದ್ದು ಛಲವಾಗಿತ್ತು. ಅವಳಿಗೆ ಸಿಟ್ಟು ಬಂತು, ಸತ್ತವಳ ಮೇಲೆ, ಕಣ್ಣು ಕತ್ತಲಿಡುವಷ್ಟು. ಒಂದು ಸಲ ಕೇಳಬಾರದಿತ್ತೇ ನನ್ನನ್ನು? ಆ ಸಿಟ್ಟಿನ ಹಿಂದೆಯೇ ದುಃಖವೂ ಬಂತು.

ಅಷ್ಟರಲ್ಲಿ ಸರ್ವಮಂಗಳಮ್ಮನನ್ನು ಗುಂಡಿಗೆ ಇಳಿಸಿ, ಪಕ್ಕದಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ, ವಿಭೂತಿ ಗಟ್ಟಿ, ಉಪ್ಪು, ಪತ್ರೆ ಎಲ್ಲ ಹಾಕಿ ಆಗಿತ್ತು. ಜಂಬಯ್ಯನವರು ಮಂತ್ರ ಮುಗಿಸಿ ಮೇಲೆ ಬಂದರು. ಗುದ್ದಲಿ ಹಿಡಿದವರು ನಿಂತು ನೋಡಿದರು. ಆಗ ಶಕುಂತಲಮ್ಮ ಗುಂಡಿಯ ಅಂಚಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು:

“ಕೆಂಚವ್ವ ಮಾಂಸ ಹೆಚ್ಚಿರಲಿಲ್ಲ. ನಾನೇ ಸುಳ್ಳು ಹೇಳಿದ್ದು. ಆ ಈಳಿಗಿ ಬೆಂಕೀಗೆ ಬಿದ್ದದ್ದು ನನ್ನಿಂದ, ಅಕ್ಕ ಸತ್ತದ್ದು ನನ್ನಿಂದ.”

ಹೆಂಗಸರು ಲೊಚಗುಟ್ಟಿದರು. ಪಾಪ, ನಾಲ್ಕು ದಿನದಿಂದ ಕಣ್ಣಿಗೆ ನಿದ್ದೆಯಿಲ್ಲ, ಹೊಟ್ಟೆಗೆ ಅನ್ನವಿಲ್ಲ. ಯಾರೋ ತಂಬಿಗೆ ತಂದು ನೆತ್ತಿಗೆ ನೀರು ತಟ್ಟಿದರು. ಯಾವ ಈಳಿಗೆ, ಯಾವ ಮಾಂಸ ಎಂದು ಒಬ್ಬಳು ಕೇಳಿದ್ದಕ್ಕೆ ಇನ್ನೊಬ್ಬಳು, ಏನೋ ಹಳೇದು, ಸಂಕಟಕ್ಕೆ ಬಾಯಿಗೆ ಬಂದದ್ದು ಆಡುತ್ತಾಳೆ ಎಂದಳು. ಬಕ್ಕೇಶಪ್ಪ ತಮ್ಮನಿಗೆ, ಆಕೀನ ಹಿಡ್ಕೋ, ಬಿದ್ದಾಳು ಎಂದ. ಮುರುಗೇಶಪ್ಪ ಬಂದು ಹೆಂಡತಿಯ ತೋಳು ಹಿಡಿದ. ಅವನ ಕಣ್ಣಲ್ಲೂ ನೀರಿತ್ತು. ಜಾಲಿಮರದ ಕೆಳಗೆ ಕೆಂಚವ್ವ ಇರಲಿಲ್ಲ. ಮಾಲೆ ಕೊಂಬೆಗೆ ನೇತಾಡುತ್ತಿತ್ತು.

ಉಮಾಮಹೇಶ್ವರಿ ಅಳುತ್ತ ಬಂದು ಚಿಗವ್ವನ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸಿದಳು. “ನಮ್ಮವ್ವಗ ನನಗಿಂತ ನೀನೇ ಹೆಚ್ಚು ಆಗಿದ್ದಿ. ಮೊದಲ ಮಣ್ಣು ನೀನೇ ಹಾಕು,” ಎಂದಳು. ಬಕ್ಕೇಶಪ್ಪ ತಲೆಯಾಡಿಸಿದ. ಜಂಬಯ್ಯನವರೂ ಆಗಬಹುದು ಎಂದರು. ಜನ ಸರಿದು ದಾರಿ ಬಿಟ್ಟರು. ಯಾರೋ ಶಕುಂತಲಮ್ಮನ ಬಲಗೈಯಲ್ಲಿ ಒಂದು ಹಿಡಿ ಕಪ್ಪು ಮಣ್ಣು ಇಟ್ಟು ಬೆರಳು ಮಡಚಿದರು. ಅವಳ ತೋಳನ್ನು ಎತ್ತಿ ಗುಂಡಿಯ ಮೇಲೆ ಹಿಡಿದರು. ಮುಷ್ಟಿ ಬಿಚ್ಚಲಿಲ್ಲ. ಹಾಕು ಚಿಗವ್ವ, ಹಾಕು ಎಂದು ಉಮಾಮಹೇಶ್ವರಿ ಬೇಡಿಕೊಂಡಳು. ಶಕುಂತಲಮ್ಮ ಇನ್ನೂ ಬಿಗಿಯಾಗಿ ಹಿಡಿದಳು. ಕಡೆಗೆ ಹುಡುಗಿಯೇ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಮಗುವಿನದನ್ನು ಬಿಡಿಸುವ ಹಾಗೆ ಮೆತ್ತಗೆ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು.